ಮೂಳೆಯ ಮಹಿಮೆ, ಕಚ್ಚಿನ ಕೋನ

ಬೇಸ್ ಗಿಟಾರ್ ಕಟ್ಟುವವರಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಕೂತುಬಿಟ್ಟಿದೆ. ನಟ್, ಅಂದರೆ ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಕಚ್ಚುಗಳಿರುವ ಸಣ್ಣ ಪಟ್ಟಿ, ಮೂಳೆಯದಾದರೆ ನಾದ ಬೆಚ್ಚಗಿರುತ್ತದೆ, ಹಿತ್ತಾಳೆಯದಾದರೆ ಗಂಟೆಯ ಹಾಗೆ ಮೊಳಗುತ್ತದೆ, ಪ್ಲಾಸ್ಟಿಕ್ ಆದರೆ ಸದ್ದು ಸತ್ತ ಹಾಗೆ. ನಾನೂ ನಂಬಿದ್ದೆ. ಮೊದಲ ಬೇಸ್ ಕಟ್ಟುವಾಗ ಮೊದಲು ಪ್ಲಾಸ್ಟಿಕ್ ನಟ್ ಹಾಕಿದೆ, ಸಮಾಧಾನವಾಗಲಿಲ್ಲ. ಒಂದು ಹಿತ್ತಾಳೆ ತುಂಡನ್ನು ಮೂರು ಸಂಜೆ ಕೂತು ಅರದಿಂದ ಉಜ್ಜಿ ಅದರ ಜಾಗದಲ್ಲಿ ಕೂರಿಸಿದೆ. ಐದನೇ ಫ್ರೆಟ್ (ಕತ್ತಿನ ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿ) ಒತ್ತಿ ಮೀಟಿದರೆ ಅದೇ ಹಳೇ ಸದ್ದು! ಬೇರೆ ಏನು ಬರಬೇಕಿತ್ತು? ಫ್ರೆಟ್ ಒತ್ತಿದ ಮೇಲೆ ತಂತಿ ನುಡಿಯುವುದು ಆ ಫ್ರೆಟ್ಟಿನಿಂದ ಗಿಟಾರಿನ ಒಡಲ ಮೇಲೆ ತಂತಿ ಕೂರುವ ಬ್ರಿಜ್‌ವರೆಗೆ ಮಾತ್ರ. ನಟ್ ಬೆರಳಿನ ಆಚೆ ಸುಮ್ನೆ ಕೂತಿರುತ್ತದೆ.

ಉಳಿಯುವುದು ಬೆರಳಿಡದೆ ನುಡಿಸುವ ನಾಲ್ಕು ಸ್ವರಗಳು: ಇ, ಎ, ಡಿ, ಜಿ. ಸೆಕೆಂಡಿಗೆ 41.2, 55, 73.4 ಮತ್ತು 98 ಕಂಪನ. ಇಲ್ಲಿ ನಟ್ ತಂತಿಯ ಒಂದು ತುದಿ, ನಿಜ. ಆದರೆ ಮರಕ್ಕೆ ಅಂಟಿ ಕೂತ ಮೂರು ಮಿಲಿಮೀಟರ್ ದಪ್ಪದ ತುಂಡು ಅದು. ಮೂಳೆಯಿರಲಿ, ಲೋಹವಿರಲಿ, ಗಟ್ಟಿ ಪ್ಲಾಸ್ಟಿಕ್ ಇರಲಿ, ತಂತಿಯ ಪಾಲಿಗೆ ಅದು ಅಲುಗದ ಗೋಡೆ. ಅಲೆ ಬಂದು ಬಡಿದು ವಾಪಸ್ ಹೋಗುತ್ತದೆ. ತಂತಿಯ ಶಕ್ತಿ ಸೋರುವುದು ಜಾಸ್ತಿ ಕತ್ತಿನ ಮರದ ಮೂಲಕ. ಎಷ್ಟೋ ಬೇಸ್‌ಗಳಲ್ಲಿ ಜಿ ತಂತಿಯ ಐದರಿಂದ ಏಳನೇ ಫ್ರೆಟ್ ಆಸುಪಾಸಿನಲ್ಲಿ ಸ್ವರ ಥಟ್ಟನೆ ಆರಿಹೋಗುತ್ತದಲ್ಲ, ಅದು ಕತ್ತು ತಾನೂ ಕಂಪಿಸಿ ತಂತಿಯ ಶಕ್ತಿ ಕುಡಿದುಬಿಡುವುದರ ಫಲ. ಅದಕ್ಕೆ ಹಿತ್ತಾಳೆ ನಟ್ ಮದ್ದಲ್ಲ.

ಹಾಗಾದರೆ ನಟ್ ಯಾವುದಾದರೂ ಒಂದೇನಾ? ಅಲ್ಲ. ಅದರ ಕರಾಮತ್ತು ಇರುವುದು ನಾದದಲ್ಲಲ್ಲ, ಘರ್ಷಣೆಯಲ್ಲಿ.

ಹೋರಿಯ ಹಗ್ಗವನ್ನು ಗೂಟಕ್ಕೆ ಎರಡು ಮೂರು ಸುತ್ತು ಹಾಕಿ ತುದಿ ಹಿಡಿದು ನಿಂತರೆ, ಹೋರಿ ಎಷ್ಟು ಜಗ್ಗಿದರೂ ಹುಡುಗನೊಬ್ಬ ತಡೆಯಬಲ್ಲ. ಬಂದರಿನಲ್ಲಿ ಹಡಗನ್ನು ಹಿಡಿದು ನಿಲ್ಲಿಸುವುದೂ ಹೀಗೆಯೇ. ಇದರ ಲೆಕ್ಕವನ್ನು 18ನೇ ಶತಮಾನದಲ್ಲೇ ಹಾಕಿಕೊಟ್ಟವನು ಗಣಿತಜ್ಞ ಲಿಯೊನಾರ್ಡ್ ಆಯ್ಲರ್. ಹಗ್ಗದ ಎರಡು ಬದಿಯ ಎಳೆತಗಳ ಅನುಪಾತ ಎರಡೇ ಸಂಗತಿಗಳ ಮೇಲೆ ನಿಂತಿದೆ: ಹಗ್ಗ ಒಟ್ಟು ಎಷ್ಟು ಕೋನ ತಿರುಗಿತು, ಮೇಲ್ಮೈ ಎಷ್ಟು ಹಿಡಿಯುತ್ತದೆ. ಆ ಹಿಡಿತವನ್ನು ಒಂದು ಸಂಖ್ಯೆಯಲ್ಲಿ ಹೇಳಿದರೆ ಘರ್ಷಣಾಂಕ. ಅದು 0.3 ಇದ್ದು ಮೂರು ಸುತ್ತು ಹಾಕಿದರೆ ಅನುಪಾತ ಸುಮಾರು 285. ಒಂದು ಕಿಲೋ ಹಿಡಿತಕ್ಕೆ 285 ಕಿಲೋ ಎಳೆತ ನಿಂತುಬಿಡುತ್ತದೆ! ನನಗೆ ಇಂದಿಗೂ ಬೆರಗು ಹುಟ್ಟಿಸುವುದು ಈ ಸೂತ್ರದಲ್ಲಿ ಇಲ್ಲದ ಒಂದು ಸಂಗತಿ. ಗೂಟ ಎಷ್ಟು ದಪ್ಪ ಎಂಬುದು ಅದರಲ್ಲಿ ಎಲ್ಲೂ ಬರುವುದಿಲ್ಲ. ಗೂಟ ಸಣ್ಣದಿರಲಿ, ಮರದ ದಿಮ್ಮಿಯಷ್ಟಿರಲಿ, ಕೋನ ಒಂದೇ ಆದರೆ ಹಿಡಿತವೂ ಒಂದೇ.

ಈಗ ಗೂಟದ ಜಾಗದಲ್ಲಿ ನಟ್, ಹಗ್ಗದ ಜಾಗದಲ್ಲಿ ತಂತಿ. ನಟ್ ದಾಟಿ ಬಿರಡೆಯ ಕಡೆಗೆ ಇಳಿಯುವಾಗ ತಂತಿ 12 ಡಿಗ್ರಿ ಬಾಗುತ್ತದೆ ಎನ್ನೋಣ. ಘರ್ಷಣಾಂಕ 0.2 ಎಂದು ಹಿಡಿದರೆ ನಟ್‌ನ ಆಚೆ ಈಚೆ ಎಳೆತದಲ್ಲಿ ಸುಮಾರು ನಾಲ್ಕು ಶೇಕಡಾ ವ್ಯತ್ಯಾಸ ಅಡಗಿ ಕೂರಬಲ್ಲದು. ಕೇಳಲು ಚಿಲ್ಲರೆ. ಕಿವಿಗೆ ಚಿಲ್ಲರೆಯಲ್ಲ. ಪಕ್ಕಪಕ್ಕದ ಎರಡು ಫ್ರೆಟ್‌ಗಳ ಅಂತರವನ್ನು 100 ಸೆಂಟ್ ಎನ್ನುತ್ತಾರೆ. ಇದು ಸುಮಾರು 36 ಸೆಂಟ್, ಅಂದರೆ ಅರೆಸ್ವರದ ಮೂರನೇ ಒಂದು ಪಾಲು! ಘರ್ಷಣಾಂಕ 0.05ಕ್ಕೆ ಇಳಿದರೆ ಬರೀ ಒಂಬತ್ತು ಸೆಂಟ್. ಬಿರಡೆ ತಿರುಗಿಸುತ್ತಲೇ ಇದ್ದೀರಿ, ಶ್ರುತಿ ಏರುತ್ತಿಲ್ಲ, ಆಮೇಲೆ ‘ಟಿಂಕ್’ ಎಂದು ಒಮ್ಮೆಗೇ ಹಾರಿತು. ಅಡಗಿ ಕೂತ ಆ ವ್ಯತ್ಯಾಸ ಈಚೆ ಜಾರಿದ ಸದ್ದು ಅದು. ಪಾಪ, ನಾವು ಬಿರಡೆಯನ್ನು ಬೈಯುತ್ತೇವೆ.

ಅಮೆರಿಕದ ಗಿಟಾರ್ ತಯಾರಕ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ತಂದಾಗ ಬಿರಡೆಗಳಿರುವ ತಲೆಯನ್ನು ಹಿಂದಕ್ಕೆ ವಾಲಿಸಲಿಲ್ಲ, ಚಪ್ಪಟೆ ಬಿಟ್ಟರು. ಅಂಥ ತಲೆಯಲ್ಲಿ ಕೋನ ಬರುವುದು ತಂತಿಯನ್ನು ಕೆಳಗೆ ಒತ್ತುವ ಸಣ್ಣ ಕೊಕ್ಕೆಯಿಂದ, ಇಲ್ಲವೇ ಬಿರಡೆಯ ಕಂಬಕ್ಕೆ ಕೆಳಕ್ಕೆ ಕೆಳಕ್ಕೆ ಹಾಕಿದ ಸುತ್ತುಗಳಿಂದ. ಸುತ್ತು ಜಾಸ್ತಿಯಾದರೆ ಕೋನ ಜಾಸ್ತಿ, ಕೋನದ ಜತೆ ಘರ್ಷಣೆಯೂ. ತೀರಾ ಕಮ್ಮಿಯಾದರೆ ತಂತಿ ಕಚ್ಚಿನಲ್ಲಿ ಕೂರದೆ ಗಿರಗುಡುತ್ತದೆ.

ಕಚ್ಚಿನ ಆಕಾರದ್ದು ಇನ್ನೂ ದೊಡ್ಡ ಕಥೆ. ಗಿರಣಿಯ ಬೆಲ್ಟನ್ನು ‘ವಿ’ ಆಕಾರದ ತೋಡಿರುವ ಗಾಲಿಯ ಮೇಲೆ ಯಾಕೆ ಓಡಿಸುತ್ತಾರೆ? ಇಕ್ಕಟ್ಟಿಗೆ ಸಿಕ್ಕ ಬೆಲ್ಟ್ ಎರಡೂ ಬದಿ ಒತ್ತಿ ಹಿಡಿಯುತ್ತದೆ, ಜಾರುವುದಿಲ್ಲ. ಮರ ಸೀಳಲು ಹೊಡೆದ ಬೆಣೆ ಕಚ್ಚಿಕೊಳ್ಳುವುದೂ ಹೀಗೇ. ತ್ರಿಕೋನದ ಅರದಿಂದ ನಟ್‌ನಲ್ಲಿ 60 ಡಿಗ್ರಿ ವಿ ಕೊರೆದರೆ ಘರ್ಷಣೆ ಇದ್ದಕ್ಕಿದ್ದಂತೆ ಇಮ್ಮಡಿ. ಮೇಲಿನ ಲೆಕ್ಕದ 36 ಸೆಂಟ್ ಹೋಗಿ 72 ಆಗುತ್ತದೆ. ವಸ್ತು ಅದೇ, ಕೆಡಿಸಿದ್ದು ಅರ! ಬೇಸ್‌ನ ದಪ್ಪ ತಂತಿಗೆ ಇದು ಇನ್ನೂ ಕಷ್ಟ. ಸಾಮಾನ್ಯ ಇ ತಂತಿ 2.67 ಮಿಲಿಮೀಟರ್ ದಪ್ಪ, ಮೇಲೆ ಸುರುಳಿ ಸುತ್ತಿದ ಲೋಹದ ಎಳೆ. ಅದು ತಾನೇ ಒಂದು ದುಂಡನೆಯ ಅರ. ಕಚ್ಚಿನ ತಳ ದುಂಡಗಿರಬೇಕು, ಅಗಲ ತಂತಿಗಿಂತ ಕೂದಲೆಳೆಯಷ್ಟು ಹೆಚ್ಚಿರಬೇಕು.

ತಳ ಬಿರಡೆಯ ಕಡೆಗೆ ಇಳಿಜಾರೂ ಆಗಿರಬೇಕು. ತಂತಿ ಫ್ರೆಟ್ ಕಡೆಯ ಅಂಚಿನಿಂದಲೇ ಬಿಡಿಸಿಕೊಂಡು ಹೊರಡಬೇಕು. ಇಳಿಜಾರು ಉಲ್ಟಾ ಆದರೆ ತಂತಿ ನಟ್‌ನ ಮೈಗೆ ಸವರಿಕೊಂಡು ಝೇಂಕರಿಸುತ್ತದೆ. ತಂಬೂರಿಯಲ್ಲಿ ಅದನ್ನೇ ಬೇಕೆಂದು ಮಾಡುತ್ತೇವೆ: ಅಗಲವಾದ ಬ್ರಿಜ್, ತಂತಿಯ ಕೆಳಗೊಂದು ನೂಲಿನ ಎಳೆ. ತಂತಿಯನ್ನು ಎಲ್ಲಿ ಮೀಟುತ್ತೇವೋ ಅಲ್ಲಿ ಅಲುಗದೆ ಇರಬೇಕಾದ ಮೇಲುಸ್ವರಗಳು (ಮೂಲ ಸ್ವರದ ಜತೆಗೇ ಮೊಳಗುವ ಹೆಚ್ಚಿನ ಶ್ರುತಿಯ ಸ್ವರಗಳು) ಹುಟ್ಟಲೇಬಾರದು ಎಂದು ಬ್ರಿಟಿಷ್ ವಿಜ್ಞಾನಿ ಥಾಮಸ್ ಯಂಗ್‌ನ ನಿಯಮ. ತಂಬೂರಿಯಲ್ಲಿ ಅವೂ ಜೋರಾಗಿ ಕೇಳುತ್ತವೆ ಎಂದು 1921ರ ಸುಮಾರಿಗೆ ಸಿ.ವಿ. ರಾಮನ್ ತೋರಿಸಿದರು. ಸೊಗಸಾದ ಸಂಗತಿ. ಆದರೆ ಬೇಸ್‌ನಲ್ಲಿ ಆ ಝೇಂಕಾರ ಕೇಳಿದರೆ ಖುಷಿಪಡಬೇಡಿ, ಅರ ಎತ್ತಿಕೊಳ್ಳಿ.

ಆಳದ ವಿಚಾರ ಬೇಗ ಹೇಳಿ ಮುಗಿಸುತ್ತೇನೆ. ಮೂರನೇ ಫ್ರೆಟ್ ಒತ್ತಿ ಹಿಡಿದರೆ, ಮೊದಲ ಫ್ರೆಟ್ ಮೇಲೆ ತಂತಿ ಮುಟ್ಟಿಯೂ ಮುಟ್ಟದಷ್ಟು ಸಂದಿ ಕಾಣಬೇಕು. ನಟ್‌ನಿಂದ ಬ್ರಿಜ್‌ಗೆ 34 ಇಂಚಿನ ಬೇಸ್‌ನಲ್ಲಿ ನಟ್‌ನಿಂದ ಮೊದಲ ಫ್ರೆಟ್‌ಗೆ 48.5 ಮಿಲಿಮೀಟರ್ ಅಷ್ಟೇ. ನಟ್ ಎತ್ತರವಿದ್ದರೆ ಅಲ್ಲಿ ಒತ್ತುವಾಗ ತಂತಿ ಹಿಗ್ಗಿ ಸ್ವರ ಏರಿಬಿಡುತ್ತದೆ.

ಇಷ್ಟೆಲ್ಲ ಆದ ಮೇಲೆ ವಸ್ತು. ನನ್ನ ಆಯ್ಕೆ ಈಗಲೂ ದನದ ಮೂಳೆಯೇ, ನಾದಕ್ಕಲ್ಲ. ಗಟ್ಟಿ, ಬೇಗ ಸವೆಯುವುದಿಲ್ಲ, ಅರಕ್ಕೆ ಚೆನ್ನಾಗಿ ಒಗ್ಗುತ್ತದೆ. ಅರ ಹಾಕಿದಾಗ ಹಲ್ಲಿನ ಡಾಕ್ಟರು ಹಲ್ಲು ಕೊರೆಯುವಾಗಿನ ವಾಸನೆ. ಮುಖಕ್ಕೆ ಮಾಸ್ಕ್ ಬೇಕೇ ಬೇಕು. ಟೆಫ್ಲಾನ್ ಬೆರೆಸಿದ ಕೃತಕ ನಟ್‌ಗಳು ಜಾರುವುದರಲ್ಲಿ ಮುಂದು. ಟೆಫ್ಲಾನ್ 1938ರಲ್ಲಿ ರಸಾಯನಶಾಸ್ತ್ರಜ್ಞ ರಾಯ್ ಪ್ಲಂಕೆಟ್ ಕೈಗೆ ಅಕಸ್ಮಾತ್ತಾಗಿ ಸಿಕ್ಕ ವಸ್ತು. ಬರೀ ಟೆಫ್ಲಾನಿಗೆ ಘರ್ಷಣಾಂಕ 0.05ರ ಆಸುಪಾಸು. ಆದರೆ ಅಷ್ಟು ಮೆತ್ತಗಿರುವುದನ್ನು ಬೇಸ್ ತಂತಿ ಕೊರೆದು ತಿನ್ನುತ್ತದೆ, ಅದಕ್ಕೇ ಗಟ್ಟಿ ಪ್ಲಾಸ್ಟಿಕ್‌ನಲ್ಲಿ ಬೆರೆಸುವುದು. ದಂತದ ಮಾತೇ ಬೇಡ. ಆಫ್ರಿಕಾದ ಆನೆಗೆ 1989ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ನಿಷೇಧದ ರಕ್ಷಣೆ ಸಿಕ್ಕಿತು. ದಂತದ ನಾದವೇ ಬೇರೆ ಎಂದು ಇಂದಿಗೂ ಹೇಳುವವರಿದ್ದಾರೆ, ಅವರಿಗೆ ಕಣ್ಣು ಕಟ್ಟಿ ಕೇಳಿಸಬೇಕು ಅಷ್ಟೇ. ಹಿತ್ತಾಳೆಯ ಹುಚ್ಚು ಹಬ್ಬಿದ್ದು 1970ರ ದಶಕದಲ್ಲಿ. ನೋಡಲು ಚೆಂದ, ಬಿಟ್ಟರೆ ಕಪ್ಪಾಗುತ್ತದೆ, ತಿದ್ದಲು ಕೈ ನೋಯುತ್ತದೆ.

ಕೊನೆಯ ಮೆರುಗಿಗೆ ಪುರುಸೊತ್ತು ಮಾಡಿಕೊಳ್ಳಿ. ಮೂಳೆಯ ಹೊರಮೈಗೆ 400ರ ಸ್ಯಾಂಡ್‌ಪೇಪರ್, ಆಮೇಲೆ 800, 1500, 2000. ಹೊಳಪು ನೋಡಿ ಮರುಳಾಗಬೇಡಿ, ತಂತಿ ಕೂರುವುದು ಕಚ್ಚಿನೊಳಗೆ. ದಪ್ಪ ಹತ್ತಿ ದಾರಕ್ಕೆ ಲೋಹದ ಪಾಲಿಶ್ ಹಚ್ಚಿ, ಕಚ್ಚಿನಲ್ಲಿ ಗರಗಸದ ಹಾಗೆ ಎಳೆದಾಡಿ. ದಾರ ಮೊದಲು ಕಚ್ಚಿ ಕಚ್ಚಿ ಬರುತ್ತದೆ. ಸ್ವಲ್ಪ ಹೊತ್ತಿಗೆ ಬೆಣ್ಣೆಯಲ್ಲಿ ಎಳೆದಂತೆ ಸರಾಗ. ಅಲ್ಲಿಗೆ ಸಾಕು. ಕತ್ತಿಗೆ ವಾರ್ನಿಶ್ ಬಳಿದಿದ್ದರೆ ಹಳೆಯ ನಟ್ ಕೀಳುವ ಮುಂಚೆ ಅಂಚಿನುದ್ದಕ್ಕೂ ಬ್ಲೇಡಿನಿಂದ ಗೀರಿ, ಇಲ್ಲದಿದ್ದರೆ ಚಕ್ಕೆ ಎದ್ದುಬರುತ್ತದೆ. ಹೊಸದನ್ನು ಕೂರಿಸಲು ಎರಡು ಹನಿ ಅಂಟು ಸಾಕು. ಒಂದು ದಿನ ನೀವೋ ಇನ್ಯಾರೋ ಅದನ್ನು ಮತ್ತೆ ಕೀಳಬೇಕಾಗುತ್ತದೆ.