ರಟ್ಟಿ ಹಿಡಿದಾಗ ಜಗ್ಗಿಸಿಕೊಳ್ಳಬೇಡಿ

"ರಟ್ಟಿ ಹಿಡ್ದದ್ರಿ, ಹೆಳಲು ಹಾಕ್ಕೊಳ್ಳಾಕ ಬರವಲ್ದು" ಎನ್ನುತ್ತ ಕಲಬುರಗಿಯ ಫಿಜಿಯೋಥೆರಪಿ ಕೋಣೆಗೆ ಬರುವವರಲ್ಲಿ ಹಲವರು ಅಷ್ಟರಲ್ಲೇ ಎಣ್ಣೆ ತಿಕ್ಕಿಸಿ, ಕೈ ಜಗ್ಗಿಸಿಕೊಂಡಿರುತ್ತಾರೆ. ಹೀಗೆ ರಟ್ಟಿ, ಅಂದರೆ ಭುಜ, ಹಿಡಿದು ಬಿಗಿಯುವುದಕ್ಕೆ ಫ್ರೋಜನ್ ಶೋಲ್ಡರ್ ಎನ್ನುತ್ತಾರೆ. ಇದರಲ್ಲಿ ಭುಜದ ಕೀಲನ್ನು ಸುತ್ತುವರಿದ ಚೀಲ ಉರಿಯೂತದಿಂದ ದಪ್ಪವಾಗಿ ಕುಗ್ಗಿರುತ್ತದೆ. ಅದನ್ನು ಬಲವಂತವಾಗಿ ಎಳೆದರೆ ಉರಿಯೂತ ಮತ್ತೆ ಕೆರಳುತ್ತದೆ. ಎಲುಬು ಟೊಳ್ಳಾದವರಲ್ಲಿ ತೋಳಿನ ಮೂಳೆಯೇ ಮುರಿಯಬಹುದು.

ಗುರುತಿಸುವುದು ಹೀಗೆ: ಎರಡೂ ಮೊಣಕೈ ಮಡಚಿ ಪಕ್ಕೆಗೆ ಒತ್ತಿ, ಮುಂಗೈಗಳನ್ನು ಬಾಗಿಲು ತೆರೆದಂತೆ ಹೊರಕ್ಕೆ ತಿರುಗಿಸಿ. ಹಿಡಿದ ಕೈ ತಿರುಗುವುದಿಲ್ಲ, ಬೇರೆಯವರು ತಿರುಗಿಸಿದರೂ ಅಲ್ಲೇ ನಿಲ್ಲುತ್ತದೆ. ಭುಜದ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು) ಹರಿದಿದ್ದರೆ ಹಾಗಲ್ಲ, ತಾನಾಗಿ ಏಳದ ಕೈಯನ್ನು ಇನ್ನೊಬ್ಬರು ಎತ್ತಬಹುದು. ಫ್ರೋಜನ್ ಶೋಲ್ಡರ್‌ನಲ್ಲಿ ಎಕ್ಸ್‌ರೇ ಸಾಮಾನ್ಯವಾಗಿ ಸರಿಯಾಗೇ ಇರುತ್ತದೆ. 40ರಿಂದ 60ರ ವಯಸ್ಸಿನವರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆ ಇಲ್ಲವೇ ಥೈರಾಯ್ಡ್ ತೊಂದರೆ ಇದ್ದವರಲ್ಲಿ ಇದು ಹೆಚ್ಚು. ಹಾಗಾಗಿ ಸಕ್ಕರೆ, ಥೈರಾಯ್ಡ್ ಎರಡನ್ನೂ ಪರೀಕ್ಷಿಸಿಕೊಳ್ಳಿ.

ರಾತ್ರಿ ನಿದ್ದೆಗೆಡಿಸುವ ನೋವಿರುವ ಮೊದಲ ಹಂತದಲ್ಲಿ ಹಿಗ್ಗಿಸುವ ಹಟ ಬೇಡ. ಅಂಗಾತ ಮಲಗಿ ತೋಳಿನ ಕೆಳಗೆ ಸಣ್ಣ ದಿಂಬಿಡಿ. ಒಳ್ಳೆಯ ಕೈಯನ್ನು ಮೇಜಿಗೂರಿ ಬಾಗಿ, ನೋಯುವ ಕೈ ಸಡಿಲ ಬಿಟ್ಟು, ಮೈಯನ್ನೇ ಅಲುಗಾಡಿಸಿ ಕೈ ತೂಗಿಸಿ: ಒಂದೆರಡು ನಿಮಿಷ, ದಿನಕ್ಕೆ ಮೂರ್ನಾಲ್ಕು ಸಲ. ಕೀಲಿನೊಳಗಿನ ಸ್ಟೀರಾಯ್ಡ್ ಇಂಜೆಕ್ಷನ್ ಹೆಚ್ಚು ಉಪಯೋಗಕ್ಕೆ ಬರುವುದೂ ಈಗಲೇ. ಆದರೆ ಸಕ್ಕರೆ ಕಾಯಿಲೆ ಇದ್ದವರಿಗೆ ಅದಾದ ಮೇಲೆ ಕೆಲ ದಿನ ಸಕ್ಕರೆ ಏರುತ್ತದೆ, ದಿನವೂ ನೋಡಿಕೊಳ್ಳಿ.

ನೋವು ಇಳಿದು ಬಿಗಿತ ಉಳಿದಾಗ ನಿಜವಾದ ಕೆಲಸ ಶುರು. 10 ನಿಮಿಷ ಬಿಸಿ ಶಾಖ ಕೊಟ್ಟು ಅಂಗಾತ ಮಲಗಿ. ಮೊಣಕೈ ಕೆಳಗೆ ಮಡಚಿದ ಟವೆಲ್ ಇಟ್ಟು, ಎರಡೂ ಕೈಯಲ್ಲಿ ಕೋಲು ಹಿಡಿದು, ಒಳ್ಳೆಯ ಕೈಯಿಂದ ನೋಯುವ ಕೈಯನ್ನು ಹೊರಕ್ಕೆ ನೂಕಿ. 20–30 ಸೆಕೆಂಡ್ ಹಿಡಿಯಿರಿ, ಐದು ಸಲ, ದಿನಕ್ಕೆ ಎರಡು ಹೊತ್ತು. ಬಹಳ ಜನ ಇದನ್ನು ಬಿಟ್ಟು ಗೋಡೆ ಮೇಲೆ ಬೆರಳು ಏರಿಸುವುದನ್ನಷ್ಟೇ ಮಾಡುತ್ತಾರೆ. ಆಗ ಭುಜ ಕಿವಿಯತ್ತ ಏರುತ್ತದೆ, ಸೊಂಟ ವಾಲುತ್ತದೆ, ಕೀಲು ಮಾತ್ರ ಇದ್ದಲ್ಲೇ ಇರುತ್ತದೆ. ಕನ್ನಡಿ ಮುಂದೆ ಮಾಡಿ ನೋಡಿ, ಗೊತ್ತಾಗುತ್ತದೆ. ವ್ಯಾಯಾಮದ ನೋವು ಅರ್ಧ ಗಂಟೆಯಲ್ಲಿ ಇಳಿದರೆ ಸರಿ, ಮರುದಿನಕ್ಕೂ ಉಳಿದರೆ ಒತ್ತಡ ಕಡಿಮೆ ಮಾಡಿ.

"ದಿನಾ ರೊಟ್ಟಿ ಬಡೀತೀನಿ, ಅದ ವ್ಯಾಯಾಮ ಆಗಂಗಿಲ್ಲೇನ್ರಿ?" ಎಂದು ಕೇಳುತ್ತಾರೆ. ರೊಟ್ಟಿ ಬಡಿಯುವಾಗ ತೋಳು ಮೈ ಹತ್ತಿರವೇ ಆಡುತ್ತದೆ, ಭುಜ ತನ್ನ ಕೊನೆಯ ಮಿತಿ ಮುಟ್ಟುವುದೇ ಇಲ್ಲ. ನೋಯದಿದ್ದರೆ ಬಡಿಯಿರಿ, ಕೋಲಿನ ವ್ಯಾಯಾಮವನ್ನೂ ಮಾಡಿ.

ಪೂರ್ತಿ ಸಡಿಲವಾಗಲು ಒಂದರಿಂದ ಮೂರು ವರ್ಷ ಹಿಡಿಯಬಹುದು. ತಿಂಗಳುಗಟ್ಟಲೆ ಸರಿಯಾಗಿ ಮಾಡಿಯೂ ಜಗ್ಗದಿದ್ದರೆ ಮೂಳೆ ತಜ್ಞರು ಕೀಲಿಗೆ ದ್ರವ ತುಂಬಿ ಚೀಲ ಹಿಗ್ಗಿಸುವುದನ್ನೋ ಸಣ್ಣ ತೂತಿನ ಮೂಲಕ ಚೀಲ ಬಿಡಿಸುವ ಕೀಹೋಲ್ ಶಸ್ತ್ರಚಿಕಿತ್ಸೆಯನ್ನೋ ಸೂಚಿಸುತ್ತಾರೆ. ಶಸ್ತ್ರಚಿಕಿತ್ಸೆಯಾದರೆ ಒಂದೆರಡು ದಿನದೊಳಗೇ ವ್ಯಾಯಾಮ ಶುರುವಾಗಬೇಕು, ತಡವಾದರೆ ಬಿಡಿಸಿದ ಚೀಲ ಮತ್ತೆ ಬಿಗಿಯುತ್ತದೆ.