ರೊಕ್ಕ ಹೋಗಿದೆ, ಆದರೆ ಯಾವ ಬ್ಯಾಂಕಿಗೆ?

ಸಹಾಯವಾಣಿಗೆ ಫೋನ್ ಹಚ್ಚಿ ‘ಗೃಹಲಕ್ಷ್ಮಿ ರೊಕ್ಕ ಬಿದ್ದಿಲ್ಲ’ ಅಂದವರಿಗೆ ಸಿಗುವ ಉತ್ತರ ಸಾಮಾನ್ಯವಾಗಿ ಎರಡು ಥರ. ಒಂದು, ‘ಇನ್ನೂ ಬಿಡುಗಡೆ ಆಗಿಲ್ಲ, ಕಾಯಿರಿ.’ ಇದು ಪರವಾಗಿಲ್ಲ. ಊರಲ್ಲಿ ಯಾರಿಗೂ ಬಂದಿಲ್ಲ, ನಮಗೂ ಬಂದಿಲ್ಲ, ಬೈಯೋದಿದ್ದರೆ ಎಲ್ಲರೂ ಕೂಡಿ ಬೈಯಬಹುದು. ಇನ್ನೊಂದು, ‘ಮೇಡಂ, ನಿಮ್ಮದು ಸಕ್ಸಸ್ ಅಂತ ತೋರಿಸ್ತಿದೆ, ಬ್ಯಾಂಕಲ್ಲಿ ವಿಚಾರಿಸಿ.’ ತಲೆ ಕೆಡೋದು ಇಲ್ಲೇ. ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸಿದರೆ ಅಲ್ಲಿ ಏನೂ ಇರಲ್ಲ. ಬ್ಯಾಂಕಿನವರು ‘ಇಲಾಖೆಗೆ ಹೋಗಿ’ ಅಂತಾರೆ, ಇಲಾಖೆಯವರು ‘ಎನ್‌ಪಿಸಿಐ ಮಾಡಿಸ್ಕೊಂಡು ಬಾ’ ಅಂತಾರೆ. ಈ ಎನ್‌ಪಿಸಿಐ ಅನ್ನೋದು ಕುಷ್ಟಗಿಯಲ್ಲಿದೆಯೋ ಕೊಪ್ಪಳದಲ್ಲಿದೆಯೋ ಅಂತ ಕೇಳಿದವರನ್ನು ನಾನು ನೋಡಿದ್ದೇನೆ. ನಗಬೇಡಿ, ಕೇಳುವಂಥ ಪ್ರಶ್ನೆಯೇ ಅದು.

ಇದರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಇಲಾಖೆ ರೊಕ್ಕ ಕಳಿಸಿದೆ, ಸಹಾಯವಾಣಿಯ ಹುಡುಗಿ ಪರದೆ ಮೇಲೆ ಇದ್ದದ್ದನ್ನೇ ಓದಿದ್ದಾಳೆ, ಬ್ಯಾಂಕಿನಲ್ಲಿ ನಿಜವಾಗಿಯೂ ಏನೂ ಬಂದಿಲ್ಲ. ಹೀಗಾದರೂ ಹೇಗೆ ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮ ಕಡೆ ಮುದುಕರ ಪಿಂಚಣಿಗೆ ಈಗಲೂ ‘ಪಗಾರ’ ಅಂತಲೇ ಅನ್ನೋದು. 2007ರಲ್ಲಿ ಸಂಧ್ಯಾ ಸುರಕ್ಷಾ ಶುರುವಾದಾಗ ತಿಂಗಳಿಗೆ 400 ರೂಪಾಯಿ ಇತ್ತು, ಈಗ 1,200. ಆಗ ಪಗಾರ ಬರುತ್ತಿದ್ದದ್ದು ಮನಿ ಆರ್ಡರಿನಲ್ಲಿ. ಪೋಸ್ಟ್‌ಮ್ಯಾನ್ ಕಟ್ಟೆ ಮೇಲೆ ಕೂತು, ಹೆಬ್ಬೆಟ್ಟು ಒತ್ತಿಸಿಕೊಂಡು, ಎಣಿಸಿ ಕೊಡೋದು. ಚಹಾಕ್ಕೆ ಅಂತ ಒಂದಿಷ್ಟು ಹಿಡಿಯೋರು ಇದ್ದರು, ಸತ್ತವರ ಹೆಸರಲ್ಲಿ ಎತ್ತಿದ ಕಥೆಗಳೂ ಇದ್ದವು. ಅದನ್ನು ಹೊಗಳೋಕೆ ಹೋಗಲ್ಲ. ಆದರೆ ಈ ತಿಂಗಳು ಬರಲಿಲ್ಲ ಅಂದರೆ ಯಾರನ್ನು ಕೇಳಬೇಕು ಅನ್ನೋದು ಎಂಬತ್ತು ವರ್ಷದ ಅಜ್ಜಿಗೂ ಗೊತ್ತಿತ್ತು. ಸೈಕಲ್ ಅಡ್ಡಗಟ್ಟಿದರೆ ಆಯಿತು.

ನಗದು ಕೈಬಿಟ್ಟು ಖಾತೆಗೆ ಹಾಕುವ ಕೆಲಸಕ್ಕೆ ಉದ್ಯೋಗ ಖಾತ್ರಿ ದೊಡ್ಡ ತಳ್ಳು ಕೊಟ್ಟಿತು. 2006ರ ಫೆಬ್ರುವರಿಯಲ್ಲಿ ಆ ಯೋಜನೆ ಶುರುವಾದ ಮೊದಲ 200 ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಮೊದಮೊದಲು ಕೂಲಿ ನಗದಾಗಿ ಸಿಗುತ್ತಿತ್ತು, ಅದರಲ್ಲಿ ಬೋಗಸ್ ಹಾಜರಿ ಜಾಸ್ತಿ ಆಯಿತು, ಹಾಗಾಗಿ ಬ್ಯಾಂಕ್, ಪೋಸ್ಟ್ ಆಫೀಸ್ ಖಾತೆ ಬಂತು. ಹಳ್ಳಿಯಲ್ಲಿ ಬ್ಯಾಂಕ್ ಅಂದರೆ ಗ್ರಾಮೀಣ ಬ್ಯಾಂಕೇ.

ಈ ಗ್ರಾಮೀಣ ಬ್ಯಾಂಕಿನ ಕಥೆ ಒಂದು ಸಲ ಪೂರ್ತಿ ಕೇಳಬೇಕು. 1976ರಲ್ಲಿ ಬಳ್ಳಾರಿಯಲ್ಲಿ ತುಂಗಭದ್ರಾ ಗ್ರಾಮೀಣ ಬ್ಯಾಂಕ್ ಹುಟ್ಟಿತು. 2005ರಲ್ಲಿ ಬೇರೆ ಕೆಲವು ಬ್ಯಾಂಕುಗಳ ಜೊತೆ ಸೇರಿ ಪ್ರಗತಿ ಗ್ರಾಮೀಣ ಬ್ಯಾಂಕ್ ಆಯಿತು. 2013ರಲ್ಲಿ ಕಲಬುರಗಿಯ ಕೃಷ್ಣಾ ಗ್ರಾಮೀಣ ಬ್ಯಾಂಕ್ ಕೂಡಿ ಪ್ರಗತಿ ಕೃಷ್ಣಾ ಆಯಿತು. 2019ರಲ್ಲಿ ಕಾವೇರಿ ಕೂಡಿತು, ಹೆಸರು ಕರ್ನಾಟಕ ಗ್ರಾಮೀಣ ಬ್ಯಾಂಕ್. 2025ರ ಮೇ 1ಕ್ಕೆ ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕೂ ಇದರಲ್ಲೇ ಸೇರಿತು, ಮುಖ್ಯ ಕಚೇರಿ ಬಳ್ಳಾರಿಯಲ್ಲೇ ಉಳಿಯಿತು. ಪ್ರಗತಿ ಕೃಷ್ಣಾ ಬೋರ್ಡಿನಿಂದ ಹೋದರೂ, ರೊಕ್ಕ ಕಳಿಸುವಾಗ ಶಾಖೆ ಗುರುತಿಸುವ ಐಎಫ್‌ಎಸ್‌ಸಿ ಕೋಡಿನಲ್ಲಿ ‘ಪಿಕೆಜಿಬಿ’ ಅಂತ ಹಾಗೇ ಕೂತಿತು. ಇತ್ತ ರಾಯಚೂರು, ಕೊಪ್ಪಳದ ಕಡೆ ಮನೆಮಾತಾಗಿದ್ದ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ 2017ರ ಏಪ್ರಿಲ್‌ನಲ್ಲಿ ಎಸ್‌ಬಿಐಗೆ ಹೋಯಿತು, ಸಿಂಡಿಕೇಟ್ 2020ರಲ್ಲಿ ಕೆನರಾಕ್ಕೆ ಹೋಯಿತು, ಸಿಂಡಿಕೇಟಿನ ಹಳೇ ಐಎಫ್‌ಎಸ್‌ಸಿ 2021ರ ಜುಲೈನಿಂದ ನಿಂತೇ ಹೋಯಿತು. ಅಂದರೆ ಒಬ್ಬ ರೈತ ಒಂದೇ ಊರಲ್ಲಿ, ಒಂದೇ ಕಟ್ಟಡದಲ್ಲಿ, ಒಂದೇ ಕಿಟಕಿ ಮುಂದೆ ನಿಂತು ಇಪ್ಪತ್ತು ವರ್ಷದಲ್ಲಿ ಮೂರ್ನಾಲ್ಕು ಬ್ಯಾಂಕಿನ ಗಿರಾಕಿ ಆಗಿಬಿಟ್ಟಿದ್ದಾನೆ. ಯಾವುದೋ ಅರ್ಜಿಯಲ್ಲಿ ಹಳೇ ಕೋಡ್ ಉಳಿದಿದ್ದರೆ ರೊಕ್ಕ ವಾಪಸ್. ವಾಪಸ್ ಆದದ್ದು ಅವನಿಗೆ ಯಾರೂ ಹೇಳಲ್ಲ.

ಖಾತೆ ನಂಬರಿನ ಈ ತಾಪತ್ರಯಕ್ಕೆ ಮದ್ದು ಅಂತ ಬಂದದ್ದೇ ಆಧಾರ್ ದಾರಿ. ಡಿಬಿಟಿ ಅಂತ ನಾವೆಲ್ಲ ಕರೆಯುವ ನೇರ ನಗದು ವರ್ಗಾವಣೆ 2013ರ ಜನವರಿ 1ರಂದು ಶುರುವಾಯಿತು. ಮರುವರ್ಷ ಆಗಸ್ಟ್‌ನಲ್ಲಿ ಜನಧನ್ ಬಂತು, ಖಾತೆ ಇಲ್ಲದವರಿಗೂ ಖಾತೆ ಆಯಿತು. ಈ ವ್ಯವಸ್ಥೆಯಲ್ಲಿ ಸರ್ಕಾರ ನಿಮ್ಮ ಖಾತೆ ನಂಬರಿಗೆ ಹಣ ಹಾಕಲ್ಲ. ಆಧಾರ್ ನಂಬರಿಗೆ ಹಾಕುತ್ತದೆ. ಆ ಆಧಾರ್ ಯಾವ ಬ್ಯಾಂಕಿನದು ಅಂತ ನೋಡಿ ತಿರುಗಿಸುವ ಕೆಲಸ ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್ನಿನದು, ಅದೇ ಈ ಎನ್‌ಪಿಸಿಐ. ಅವರ ಹತ್ತಿರ ಮ್ಯಾಪರ್ ಅಂತ ಒಂದು ಪಟ್ಟಿ ಇದೆ. ಒಂದು ಆಧಾರಿಗೆ ಒಂದೇ ಬ್ಯಾಂಕ್. ನಿಮಗೆ ನಾಲ್ಕು ಖಾತೆ ಇರಲಿ, ನಾಲ್ಕಕ್ಕೂ ಆಧಾರ್ ಕೊಟ್ಟಿರಿ, ಡಿಬಿಟಿಗೆ ಅಂತ ಕಡೆಗೆ ಯಾವುದನ್ನು ಜೋಡಿಸಿದರೋ ಆ ಬ್ಯಾಂಕೇ ಪಟ್ಟಿಯಲ್ಲಿ ಉಳಿಯೋದು. ಊರು ಬಿಟ್ಟು ಹೋದವರು ಅಂಚೆಯವರಿಗೆ ಹೊಸ ವಿಳಾಸ ಕೊಟ್ಟ ಹಾಗೆ, ಆದರೆ ವಿಳಾಸ ಬದಲಾದದ್ದು ಮನೆಯವರಿಗೇ ಗೊತ್ತಿರಲ್ಲ.

ಇದರ ಅಪಾಯ ಬೇಗನೇ ಗೊತ್ತಾಯಿತು. 2017ರಲ್ಲಿ ಸಿಮ್‌ಗೆ ಆಧಾರ್ ಜೋಡಿಸಬೇಕು ಅಂತ ಎಲ್ಲರೂ ಮೊಬೈಲ್ ಅಂಗಡಿಯಲ್ಲಿ ಬೆರಳಿಟ್ಟರಲ್ಲ, ಆಗ ಏರ್‌ಟೆಲ್ ಗಿರಾಕಿಗಳ ಹೆಸರಲ್ಲಿ ಅವರಿಗೇ ತಿಳಿಯದಂತೆ ಏರ್‌ಟೆಲ್ ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದು, ಗ್ಯಾಸ್ ಸಬ್ಸಿಡಿ ಅಲ್ಲಿಗೆ ಹೋಗತೊಡಗಿತು. 31 ಲಕ್ಷ ಗಿರಾಕಿಗಳ 190 ಕೋಟಿ ರೂಪಾಯಿ ಅಂತ ಆಗ ವರದಿಯಾಗಿತ್ತು. ಆಧಾರ್ ಪ್ರಾಧಿಕಾರ ಆ ಡಿಸೆಂಬರಿನಲ್ಲಿ ಆಧಾರಿನಿಂದ ಗಿರಾಕಿಯ ಗುರುತು ಖಾತ್ರಿ ಮಾಡಿಕೊಳ್ಳುವ ಅವರ ಇ-ಕೆವೈಸಿ ಪರವಾನಗಿ ತಡೆಹಿಡಿಯಿತು, ರೊಕ್ಕ ವಾಪಸ್ ಬಂತು. ಗಿರಾಕಿ ಒಪ್ಪದೆ ಬ್ಯಾಂಕ್ ಬದಲಿಸಬಾರದು ಅಂತ ನಿಯಮವೂ ಬಿಗಿಯಾಯಿತು. ಒಪ್ಪಿಗೆ ಅಂದರೆ ಏನು? ಖಾತೆ ತೆರೆಯುವ ಫಾರಂನಲ್ಲಿ ಒಂದು ಸಣ್ಣ ಚೌಕಕ್ಕೆ ಟಿಕ್. ಅದನ್ನು ಹಾಕೋರು ಯಾರು ಅಂತ ನಿಮಗೂ ಗೊತ್ತು ನನಗೂ ಗೊತ್ತು.

2018ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆಧಾರ್ ತೀರ್ಪು ಕೊಟ್ಟಿತು. ಕೇಸು ಹಾಕಿದ್ದು ನಮ್ಮ ಕರ್ನಾಟಕದವರೇ, ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಸಿಮ್‌ಗೆ, ಬ್ಯಾಂಕ್ ಖಾತೆಗೆ ಕಡ್ಡಾಯ ಅನ್ನೋದು ಬಿದ್ದುಹೋಯಿತು. ಸರ್ಕಾರದ ಸವಲತ್ತಿಗೆ ಕೇಳಬಹುದು ಅನ್ನೋದು ಉಳಿಯಿತು. 2024ರ ಜನವರಿಯಿಂದ ಖಾತ್ರಿ ಕೂಲಿಯೂ ಆಧಾರ್ ದಾರಿಯಲ್ಲೇ ಬರಬೇಕು ಅಂತಾಯಿತು.

ಇಷ್ಟೆಲ್ಲ ಆಗಿ ನಿಂತ ಪೈಪಿನೊಳಗೆ 2023ರಲ್ಲಿ ಗ್ಯಾರಂಟಿಗಳ ರೊಕ್ಕ ಹರಿಯಿತು. ಜುಲೈನಲ್ಲಿ ಅನ್ನಭಾಗ್ಯದ ಅಕ್ಕಿ ಬದಲಿಗೆ ಒಬ್ಬರಿಗೆ 170 ರೂಪಾಯಿ. ಆಗಸ್ಟ್ 30ರಂದು ಮೈಸೂರಲ್ಲಿ ಗೃಹಲಕ್ಷ್ಮಿಗೆ ಚಾಲನೆ, ಮನೆ ಯಜಮಾನಿಗೆ ತಿಂಗಳಿಗೆ 2,000. ಒಂದು ಕೋಟಿಗೂ ಜಾಸ್ತಿ ಹೆಂಗಸರು. ಅಲ್ಲಿ ತನಕ ಸಬ್ಸಿಡಿ ಬಂತೋ ಇಲ್ಲವೋ ಅಂತ ಯಾರೂ ಅಷ್ಟಾಗಿ ನೋಡುತ್ತಿರಲಿಲ್ಲ. ಎರಡು ಸಾವಿರ ಅಂದಾಗ ಎಲ್ಲರೂ ಪಾಸ್‌ಬುಕ್ ತೆಗೆದರು. ಎಷ್ಟೋ ವರ್ಷದ ಹಳೇ ತಪ್ಪುಗಳು ಒಂದೇ ತಿಂಗಳಲ್ಲಿ ಹೊರಗೆ ಬಿದ್ದವು.

ಏನೇನು ತಪ್ಪು ಅಂತೀರಾ? ರೇಷನ್ ಕಾರ್ಡಿನಲ್ಲಿ ಯಜಮಾನಿ ಹೆಂಗಸೇ ಇರಬೇಕು ಅಂತ 2013ರ ಆಹಾರ ಭದ್ರತಾ ಕಾಯ್ದೆಯಲ್ಲೇ ಇತ್ತು, ಆದರೂ ಎಷ್ಟೋ ಕಾರ್ಡಿನಲ್ಲಿ ಗಂಡಸೇ ಯಜಮಾನ. ಅತ್ತೆ ತೀರಿಕೊಂಡಿದ್ದರೂ ಕಾರ್ಡಿನಲ್ಲಿ ಅವರೇ ಯಜಮಾನಿ. ತಿದ್ದಿಸೋಣ ಅಂದರೆ ಸರ್ವರ್ ಇಲ್ಲ. ಇನ್ನು ಹೆಸರು. ಹನಮವ್ವ ಒಂದು ಕಾರ್ಡಿನಲ್ಲಿ ಹನುಮವ್ವ, ಇನ್ನೊಂದರಲ್ಲಿ ಹನುಮಮ್ಮ, ಬ್ಯಾಂಕಿನಲ್ಲಿ ಇಂಗ್ಲಿಷ್ ಸ್ಪೆಲ್ಲಿಂಗ್ ಬೇರೆಯೇ. ಕರೆಯೋರಿಗೆ ಮೂರೂ ಒಂದೇ, ಕಂಪ್ಯೂಟರಿಗೆ ಮೂವರು ಹೆಂಗಸರು. ಎಲ್ಲಕ್ಕಿಂತ ವಿಚಿತ್ರ ಅಂದರೆ ಗೃಹಲಕ್ಷ್ಮಿ ಸಿಗದ, ತೆರಿಗೆ ಕಟ್ಟೋರ ಪಟ್ಟಿಗೆ ಸಿಕ್ಕಿಬಿದ್ದವರದು. ಗಂಡ ಟ್ರ್ಯಾಕ್ಟರ್ ಸಾಲಕ್ಕೆ ಅಂತ ಏಜೆಂಟನ ಮಾತು ಕೇಳಿ ಒಂದು ವರ್ಷ ರಿಟರ್ನ್ ಹಾಕಿಸಿದ್ದರೆ, ಅಥವಾ ಯಾವುದೋ ಗೊತ್ತೇ ಇಲ್ಲದ ಕಾರಣಕ್ಕೆ ಹೆಸರು ಸೇರಿಕೊಂಡಿದ್ದರೆ, ಹತ್ತಿ ಬಿಡಿಸೋಕೆ ಹೋಗೋ ಹೆಂಗಸು ‘ನಾನು ತೆರಿಗೆದಾರಳಲ್ಲ’ ಅಂತ ಕಾಗದ ತರಬೇಕು. ಇಲ್ಲ ಅನ್ನೋದನ್ನು ಸಾಬೀತು ಮಾಡೋದು ಎಷ್ಟು ಕಷ್ಟ ಅಲ್ವಾ?

ಆದರೆ ಇವೆಲ್ಲ ‘ರಿಜೆಕ್ಟ್’ ಅಂತಲಾದರೂ ಕಾಣುವ ತಪ್ಪುಗಳು. ‘ಸಕ್ಸಸ್’ ಅಂತ ಕಾಣುವ ತಪ್ಪು ಬೇರೆ, ಅದಕ್ಕೂ ಗುಳೆಗೂ ನೇರ ಸಂಬಂಧ. ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರು, ದೇವದುರ್ಗದ ಕಡೆಯಿಂದ ಸುಗ್ಗಿ ಮುಗಿದ ಮೇಲೆ ಮನೆಮಂದಿಯೆಲ್ಲ ಬೆಂಗಳೂರು, ಪುಣೆ, ಗೋವಾಕ್ಕೆ ದುಡಿಯೋಕೆ ಹೋಗುತ್ತಾರೆ. ನಮ್ಮ ಓಣಿಯ ಒಬ್ಬ ಅಕ್ಕನೂ ಗಾರೆ ಕೆಲಸಕ್ಕೆ ಬೆಂಗಳೂರಿಗೆ ಹೋಗಿದ್ದಳು. ಕೂಲಿ ಹಾಕೋಕೆ ಅಂತ ಕಂಟ್ರಾಕ್ಟರ್ ಅಲ್ಲೇ ಒಂದು ಖಾತೆ ತೆರೆಸಿದ. ಆಧಾರ್ ಕೊಟ್ಟಳು, ತಂಬ್ ಹಚ್ಚಿದಳು, ಮರೆತಳು. ಊರಿಗೆ ಬಂದ ಮೇಲೆ ಗೃಹಲಕ್ಷ್ಮಿ ನಿಂತಿತು. ಸಹಾಯವಾಣಿಗೆ ಮಾತಾಡಿದ್ದು ಸ್ಪೀಕರ್ ಹಾಕಿ, ಸುತ್ತ ನಾವೆಲ್ಲ ಕೂತಿದ್ದೆವು.

‘ಮೇಡಂ, ನಿಮ್ಮ ಅಮೌಂಟ್ ಸಕ್ಸಸ್ ಆಗಿದೆ.’

‘ಎಲ್ಲಿಗೆ ಸಕ್ಸಸ್ ಆಗೈತ್ರಿ ಯವ್ವಾ? ನನ್ ಪಾಸ್‌ಬುಕ್ಕಿಗಂತೂ ಬಂದಿಲ್ಲ.’

‘ಆಧಾರ್ ಲಿಂಕ್ ಇರೋ ಅಕೌಂಟಿಗೆ ಮೇಡಂ.’

‘ಅದ ಲಿಂಕ್ ಐತಿ ಅಂತ ಬ್ಯಾಂಕಿನ ಸಾಹೇಬ್ರು ಅಂತಾರಲ್ರಿ.’

‘ಕಂಪ್ಲೇಂಟ್ ರಿಜಿಸ್ಟರ್ ಮಾಡ್ತೀನಿ, ನಂಬರ್ ಬರ್ಕೊಳ್ಳಿ.’

ಬ್ಯಾಂಕಿನ ಸಾಹೇಬರು ಹೇಳಿದ್ದೂ ಸುಳ್ಳಲ್ಲ. ಅವರ ಪುಸ್ತಕದಲ್ಲಿ ಆಧಾರ್ ಲಿಂಕ್ ಇದೆ. ಎನ್‌ಪಿಸಿಐ ಪಟ್ಟಿಯಲ್ಲಿ ಮಾತ್ರ ಬೇರೆ ಬ್ಯಾಂಕ್ ಇದೆ. ಇವೆರಡೂ ಬೇರೆ ಬೇರೆ ಅನ್ನೋದನ್ನು ಹೇಳುವ ಪುರುಸೊತ್ತು ಕೌಂಟರಿನಲ್ಲಿ ಯಾರಿಗೂ ಇಲ್ಲ. ದೂರಿನ ನಂಬರ್ ಬಂತು. ಆಮೇಲೆ ದೂರು ಮುಗಿದಿದೆ ಅಂತ ಮೆಸೇಜೂ ಬಂತು. ಇಲಾಖೆಯ ಲೆಕ್ಕದಲ್ಲಿ ರೊಕ್ಕ ಹೋಗಿದೆ, ಇನ್ನೇನು ಮಾಡೋದು?

ಸಹಾಯವಾಣಿಗಳು ಕಡಿಮೆ ಇವೆ ಅಂತಲ್ಲ. 1902 ಇದೆ, 2021ರಲ್ಲಿ ಎಲ್ಲ ಇಲಾಖೆಯ ದೂರಿಗೆ ಅಂತ ಶುರುವಾದ ಜನಸ್ಪಂದನ. ರೇಷನ್ನಿಗೆ 1967, ಆಧಾರಿಗೆ 1947, ಪಿಎಂ ಕಿಸಾನ್‌ಗೆ 155261. ಒಬ್ಬೊಬ್ಬರಿಗೆ ರೊಕ್ಕದ ದಾರಿಯ ಒಂದೊಂದು ತುಂಡು ಕಾಣುತ್ತದೆ. ಇಲಾಖೆಗೆ ಖಜಾನೆ ತನಕ, ಖಜಾನೆಗೆ ಎನ್‌ಪಿಸಿಐ ತನಕ, ಬ್ಯಾಂಕಿಗೆ ತನ್ನ ಖಾತೆ ಮಾತ್ರ. ಇಡೀ ದಾರಿ ನೋಡುವ ಪರದೆ ಫೋನ್ ಎತ್ತುವವರ ಮುಂದೆ ಇಲ್ಲ. ಹಾಗಾಗಿ ನಿಜವಾದ ಸಹಾಯವಾಣಿ ಅಂದರೆ ನಮ್ಮ ಅಂಗನವಾಡಿ ಟೀಚರೇ. ಸಂಬಳ ಮಕ್ಕಳನ್ನು ನೋಡಿಕೊಳ್ಳೋಕೆ, ಬೈಗುಳ ಗೃಹಲಕ್ಷ್ಮಿಗೆ.

ಬಂದ ರೊಕ್ಕವೂ ಕೈಗೆ ಸಿಗದ ಇನ್ನೊಂದು ಕಥೆ ಇದೆ. 2023ರ ಬರದಲ್ಲಿ ರಾಜ್ಯದ 236 ತಾಲೂಕಲ್ಲಿ 223 ಬರಪೀಡಿತ. ರೈತರಿಗೆ ಪರಿಹಾರದ ಮೊದಲ ಕಂತು 2,000 ರೂಪಾಯಿ ತನಕ, ಆಮೇಲೆ ಉಳಿದದ್ದು. ಪರಿಹಾರ ಖಾತೆಗೆ ಬಿದ್ದದ್ದೇ ಕೆಲವು ಬ್ಯಾಂಕುಗಳು ಅದನ್ನು ಹಳೇ ಸಾಲಕ್ಕೆ ಜಮಾ ಮಾಡಿಕೊಂಡವು. ಹಾಗೆ ಮಾಡಬೇಡಿ ಅಂತ ಸರ್ಕಾರ ಹೇಳಬೇಕಾಯಿತು. ಎರಡು ವರ್ಷ ವ್ಯವಹಾರ ಇಲ್ಲದ ಖಾತೆ ನಿಂತುಹೋಗುವ ಕಾಟಕ್ಕೆ ಮಾತ್ರ ಸ್ವಲ್ಪ ಪರಿಹಾರ ಸಿಕ್ಕಿದೆ. ಸರ್ಕಾರಿ ಸವಲತ್ತಿಗೆ ಅಂತ ತೆರೆದ ಖಾತೆಗೆ ‘ನಿಷ್ಕ್ರಿಯ’ ಅನ್ನೋ ಹಣೆಪಟ್ಟಿ ಹಚ್ಚಬೇಡಿ ಅಂತ ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್‌ನಿಂದ ನಿಯಮ ತಂದಿದೆ. ಬ್ಯಾಂಕಿನಲ್ಲಿ ತಕರಾರು ಮಾಡಿದರೆ ಇದನ್ನು ಹೇಳಿ.

ನಮ್ಮ ಅಕ್ಕನ ರೊಕ್ಕ ಎಲ್ಲಿತ್ತು ಅಂತ ಕಡೆಗೆ ಗೊತ್ತಾದದ್ದು ಊರಿನ ಸರ್ಕಾರಿ ಸೇವಾ ಕೇಂದ್ರವಾದ ಗ್ರಾಮ ಒನ್ ಹುಡುಗನಿಂದ. ಸರ್ಕಾರದ್ದೇ ‘ಡಿಬಿಟಿ ಕರ್ನಾಟಕ’ ಅನ್ನೋ ಆ್ಯಪ್ ಇದೆ. ಯಾವ ಕಂತು, ಯಾವ ದಿನ, ಯಾವ ಬ್ಯಾಂಕಿಗೆ ಹೋಯಿತು ಅಂತ ಅದರಲ್ಲೇ ಕಾಣುತ್ತದೆ. ಅಂದರೆ ಸಹಾಯವಾಣಿಯಲ್ಲಿ ಹೇಳದ ಬ್ಯಾಂಕಿನ ಹೆಸರು ಸರ್ಕಾರದ ಹತ್ತಿರ ಮೊದಲಿಂದ ಇತ್ತು! ತೊಡಕು ಒಂದೇ, ಆ್ಯಪ್ ತೆರೆಯೋಕೆ ಆಧಾರಿಗೆ ಜೋಡಿಸಿದ ಮೊಬೈಲಿಗೆ ಒಟಿಪಿ ಬರಬೇಕು. ಅಕ್ಕನ ಆ ಸಿಮ್ ಯಾವಾಗಲೋ ಬಂದ್ ಆಗಿತ್ತು. ಆಧಾರ್ ಕೇಂದ್ರದಲ್ಲಿ ಪಾಳಿ ಹಚ್ಚಿ, 75 ರೂಪಾಯಿ ಕೊಟ್ಟು ನಂಬರ್ ಬದಲಿಸಿದ ಮೇಲೆ ಹೆಸರು ಕಂಡಿತು. ಬೆಂಗಳೂರಿನ ಆ ಕೂಲಿ ಖಾತೆಯ ಬ್ಯಾಂಕೇ.

ಹೆಸರು ಗೊತ್ತಾದ ಮೇಲೆ ಬೆಂಗಳೂರಿಗೆ ಹೋಗೋ ಪ್ರಸಂಗವೇ ಬರಲಿಲ್ಲ. ಊರಲ್ಲೇ ಬ್ಯಾಂಕಿನ ಕೆಲಸ ಮಾಡಿಕೊಡುವ ನಮ್ಮೂರ ಬ್ಯಾಂಕ್ ಮಿತ್ರನ ಹತ್ತಿರ ಬೆರಳಿಡೋ ಮಷಿನ್ ಇದೆಯಲ್ಲ, ಅದರಲ್ಲಿ ಪಟ್ಟಿಯಿಂದ ಆ ಬ್ಯಾಂಕಿನ ಹೆಸರು ಆರಿಸಿ ಬೆರಳಿಟ್ಟರೆ ಆಯಿತು, ಆಧಾರ್ ಜೋಡಿಸಿದ ಖಾತೆಯಿಂದ ಇಲ್ಲೇ ರೊಕ್ಕ ತೆಗೆಯಬಹುದು. ಒಂದು ಸಲಕ್ಕೆ 10,000 ತನಕ. ಭತ್ತದ ನಾಟಿಯಲ್ಲಿ ಸವೆದ ಬೆರಳು, ಮೊದಲಿಗೆ ಮಷಿನ್ ಒಪ್ಪಲಿಲ್ಲ, ಎಣ್ಣೆ ಒರೆಸಿ ಇನ್ನೊಂದು ಬೆರಳಿಟ್ಟಾಗ ತಗೊಂಡಿತು. ನಿಂತಿದ್ದ ಕಂತೆಲ್ಲ ಅಲ್ಲೇ ಕೂತಿತ್ತು. ಆಮೇಲೆ ಊರ ಬ್ಯಾಂಕಿನಲ್ಲಿ ಫಾರಂ ಕೊಟ್ಟು ಡಿಬಿಟಿಯನ್ನು ಹಳೇ ಖಾತೆಗೆ ತಿರುಗಿಸಿಕೊಂಡಳು.

ಇಲಾಖೆಗಳು ಹೊಸ ಆ್ಯಪ್ ಮಾಡೋದು ಬೇಡ, ಹೊಸ ನಂಬರ್ ಕೊಡೋದೂ ಬೇಡ. ಫೋನ್ ಎತ್ತಿದವರು ಕೇಳಿದವರ ಗುರುತು ಖಾತ್ರಿ ಮಾಡಿಕೊಂಡು ‘ಸಕ್ಸಸ್’ ಜೊತೆಗೆ ಬ್ಯಾಂಕಿನ ಹೆಸರನ್ನೂ ಓದಿ ಹೇಳಲಿ. ಖಾತೆ ನಂಬರ್ ಪೂರ್ತಿ ಬೇಕಾಗಿಲ್ಲ. ಅಲ್ಲಿ ತನಕ ನೀವು ಫೋನ್ ಹಚ್ಚಿದಾಗ ‘ರೊಕ್ಕ ಬಂದಿಲ್ಲ’ ಅನ್ನೋ ಬದಲು ‘ಯಾವ ಬ್ಯಾಂಕಿಗೆ ಹೋಗಿದೆ, ಯುಟಿಆರ್ ನಂಬರ್ ಏನು’ ಅಂತಲೇ ಕೇಳಿ. ಯುಟಿಆರ್ ಅಂದರೆ ರೊಕ್ಕ ಕಳಿಸಿದ ಆ ವ್ಯವಹಾರದ ಗುರುತಿನ ನಂಬರ್. ಗೊತ್ತಿಲ್ಲ ಅಂದರೆ ದೂರಿನಲ್ಲಿ ಅದೇ ಮಾತು ಬರೆಸಿ. ಗುಳೆ ಹೋದಲ್ಲಿ ಖಾತೆ ತೆರೆಸಿದರೆ, ಫಾರಂನ ಆ ಡಿಬಿಟಿ ಚೌಕಕ್ಕೆ ಟಿಕ್ ಹಾಕಬೇಡಿ ಅಂತ ಬಾಯಿಬಿಟ್ಟು ಹೇಳಿ, ಸಹಿ ಮಾಡೋಕೆ ಮುಂಚೆ.