ಶಿರಾಡಿ ಘಾಟಿಯ ಲಾರಿಗೆ ಎಷ್ಟು ತೆರಿಗೆ?

ಹೋದ ತಿಂಗಳು ಹಾಸನದ ನಮ್ಮ ಆಫೀಸಿಗೆ ಇಬ್ಬರು ಹುಡುಗರು ಬಂದರು. ಲ್ಯಾಪ್‌ಟಾಪ್ ತೆರೆದು ತಾವು ಮಾಡಿದ ಗೇಮ್ ತೋರಿಸಿದರು. ಜಡಿಮಳೆಯಲ್ಲಿ ಶಿರಾಡಿ ಘಾಟಿ ಇಳಿಯುವ ಲಾರಿ. ಎರಡನೇ ತಿರುವಿಗೇ ನಾನು ಲಾರಿಯನ್ನು ಕಣಿವೆಗೆ ಇಳಿಸಿದೆ.

"ಸಾರ್, ಇದನ್ನ ಸ್ಟೀಮ್‌ಗೆ ಹಾಕ್ಬೇಕು. ಪ್ರೈವೇಟ್ ಲಿಮಿಟೆಡ್ ಮಾಡ್ಕೊಡ್ತೀರಾ?"

ಸ್ಟೀಮ್ ಅಂದರೆ ಗೇಮ್ ಮಾರುವ ಆನ್‌ಲೈನ್ ಅಂಗಡಿ. ಕಂಪನಿ ಬೇಡ ಅಂದೆ. ಕಂಪನಿ ಮಾಡಿದರೆ ಒಂದು ರೂಪಾಯಿ ವ್ಯಾಪಾರ ಆಗದಿದ್ದರೂ ವರ್ಷಾ ವರ್ಷ ಆಡಿಟ್ ಆಗಲೇಬೇಕು. ಹೊರಗಿನವರು ಬಂಡವಾಳ ಹಾಕುವ ದಿನ ಬಂದರೆ ನೋಡೋಣ.

ಒಬ್ಬರೇ ಗೇಮ್ ಮಾಡುವವರಿಗೆ ಸ್ವಂತ ಪ್ಯಾನ್ ಸಾಕು. 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಬೇಟ್ (ತೆರಿಗೆಯಲ್ಲಿ ಕೊಡುವ ರಿಯಾಯಿತಿ) ಕಳೆದು ತೆರಿಗೆ ಸೊನ್ನೆ. ಆದರೆ ಸಕಲೇಶಪುರ, ಮೂಡಿಗೆರೆ ಕಡೆಯವರೇ, ತೋಟ ನಿಮ್ಮ ಹೆಸರಿನಲ್ಲಿದ್ದರೆ ಈ ಸೊನ್ನೆಯನ್ನು ನಂಬಬೇಡಿ. ಕ್ಯೂರಿಂಗ್ (ಸಿಪ್ಪೆ ತೆಗೆದು ಹದ ಮಾಡುವ ಕೆಲಸ) ಮಾಡಿಸದೆ ಮಾರಿದ ಕಾಫಿಗೆ ತೆರಿಗೆ ಇಲ್ಲ, ನಿಜ. ಗೇಮ್ ಆದಾಯಕ್ಕೆ ಯಾವ ದರ ಅಂತ ನೋಡುವಾಗ ಮಾತ್ರ ಅದನ್ನೂ ಸೇರಿಸಿಕೊಳ್ಳುತ್ತಾರೆ. ಗೇಮಿನಿಂದ 10 ಲಕ್ಷ, ಕಾಫಿಯಿಂದ 8 ಲಕ್ಷ ಲಾಭ ಬಂದರೆ ಸೆಸ್ ಸೇರಿ 41,600 ರೂಪಾಯಿ ಕಟ್ಟಬೇಕು.

ಇಬ್ಬರಿದ್ದಾಗ ಕಥೆ ಬೇರೆ. "ಇವನ ಹೆಸರಿಗೆ ಹಾಕಿ ಆಮೇಲೆ ಹಂಚ್ಕೋತೀವಿ" ಅಂದರು. ದುಡ್ಡು ಅವನ ಖಾತೆಗೆ ಬಂದರೆ ತೆರಿಗೆಯೂ ಅವನ ತಲೆಗೇ. ಗೇಮ್ ಕೂಡ ಕಾಗದದಲ್ಲಿ ಅವನೊಬ್ಬನದೇ ಆಗುತ್ತೆ, ಅಲ್ವಾ? ಅದಕ್ಕೇ ಎಲ್‌ಎಲ್‌ಪಿ, ಅಂದರೆ ಸೀಮಿತ ಹೊಣೆಯ ಪಾಲುದಾರಿಕೆ ಸಂಸ್ಥೆ, ಮಾಡಿ ಅಂದೆ.

ಎಲ್‌ಎಲ್‌ಪಿಗೆ ಸೆಸ್ ಸೇರಿ ಶೇ. 31.2 ತೆರಿಗೆ. 12 ಲಕ್ಷ ಲಾಭಕ್ಕೆ 3,74,400 ರೂಪಾಯಿ. ಹುಡುಗರ ಮುಖ ಸಪ್ಪಗಾಯಿತು. ಕಾಗದ ಎಳೆದುಕೊಂಡು ಲೆಕ್ಕ ಬರೆದು ತೋರಿಸಿದೆ. ಕೆಲಸ ಮಾಡುವ ಪಾಲುದಾರರಿಗೆ ಸಂಬಳ ಕೊಟ್ಟು ಅದನ್ನು ಖರ್ಚಿಗೆ ಹಾಕಬಹುದು. ಮೊದಲ 6 ಲಕ್ಷ ಲಾಭದಲ್ಲಿ ಶೇ. 90, ಉಳಿದದ್ದರಲ್ಲಿ ಶೇ. 60. ಅಂದರೆ 5.4 ಮತ್ತು 3.6, ಒಟ್ಟು 9 ಲಕ್ಷ ಸಂಬಳಕ್ಕೆ ಹೋಯಿತು. ಉಳಿದ 3 ಲಕ್ಷಕ್ಕೆ 93,600 ತೆರಿಗೆ. ತಲಾ ನಾಲ್ಕೂವರೆ ಲಕ್ಷ ಸಂಬಳಕ್ಕೆ, ಬೇರೆ ಆದಾಯ ಇಲ್ಲದಿದ್ದರೆ, ಏನೂ ಕಟ್ಟಬೇಕಿಲ್ಲ.

ಇದಕ್ಕೆಲ್ಲ ಸಂಬಳದ ಮಾತು ಕರಾರಿನಲ್ಲಿ ಇರಲೇಬೇಕು. ಹಿಂದೊಮ್ಮೆ ಒಂದು ಸಂಸ್ಥೆಗೆ ನಾನೇ ಸುಮ್ನೆ ಹಳೇ ಮಾದರಿ ನೋಡಿ ಕರಾರು ಬರೆದುಕೊಟ್ಟಿದ್ದೆ. ಆ ಸಾಲೇ ಬಿಟ್ಟುಹೋಗಿತ್ತು. ಆ ವರ್ಷ ಅವರು ಪೂರ್ತಿ ಲಾಭದ ಮೇಲೆ ತೆರಿಗೆ ಕಟ್ಟಿದರು, ನಾನು ಫೀಸು ಕೇಳಲಿಲ್ಲ.

ಅಮೆರಿಕದ ಮಾರಾಟದ ಮಾತು ಬೇರೆ. ಸ್ಟೀಮ್‌ನ ತೆರಿಗೆ ಫಾರ್ಮಿನಲ್ಲಿ ಭಾರತದ ಜೊತೆಗಿನ ಒಪ್ಪಂದದ ದರ ಕೇಳಿದರೆ ಅಲ್ಲಿನ ತೆರಿಗೆ ಅಂತ ಶೇ. 15 ಹಿಡಿಯುತ್ತಾರೆ, ಕೇಳದಿದ್ದರೆ ಶೇ. 30.

"ಇಬ್ಬರೂ ಕೆಲಸ ಮಾಡ್ತೀರಿ ತಾನೆ? ಹೆಸರಿಗಷ್ಟೇ ಪಾಲುದಾರ ಆದ್ರೆ ಈ ಸಂಬಳ ನಡೆಯಲ್ಲ" ಅಂದೆ.

ಒಬ್ಬ ತಲೆ ಬಗ್ಗಿಸಿದ. ಇನ್ನೊಬ್ಬ, "ಮೂರು ತಿಂಗಳಾಯ್ತು ಸಾರ್, ಇವನು ಹಾರ್ನ್ ಸೌಂಡೇ ಕೊಟ್ಟಿಲ್ಲ" ಅಂದ.